ರಾತ್ರಿ ಪಾಳಿಯವರ ನಿದ್ದೆಯನ್ನು ಮನೆಯವರೆಲ್ಲ ಕಾಯಬೇಕು

ಕಡಿದ ಕಬ್ಬು ಕಾಯುವುದಿಲ್ಲ. ಒಂದು ದಿನದೊಳಗೆ ನುರಿಸದಿದ್ದರೆ ಅದರೊಳಗಿನ ಸಕ್ಕರೆ ಅಂಶ ಇಳಿಯುತ್ತಾ ಹೋಗುತ್ತದೆ. ಅದಕ್ಕೇ ಹಂಗಾಮು ಶುರುವಾದರೆ ನಮ್ಮ ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳು ಹಗಲು ರಾತ್ರಿ ನಡೆಯುತ್ತವೆ. ಅಂಥ ಒಂದು ಕಾರ್ಖಾನೆಯಲ್ಲಿ ನಾನು ಪ್ಯಾನ್, ಅಂದರೆ ಸಿರಪ್ ಕುದಿಸುವ ದೊಡ್ಡ ಪಾತ್ರೆ, ನೋಡಿಕೊಳ್ಳುತ್ತೇನೆ. ಸಿರಪ್ ಕುದ್ದು ಹರಳು ಕಟ್ಟುವ ಹೊತ್ತಿನಲ್ಲಿ ಕಣ್ಣು ಅತ್ತಿತ್ತ ಸರಿಯುವ ಹಾಗಿಲ್ಲ. ರಾತ್ರಿ ಪಾಳಿ 12ಕ್ಕೆ ಶುರುವಾದರೆ ಬೆಳಿಗ್ಗೆ 8ಕ್ಕೆ ಬಿಡುವುದು. ಹಲವು ಹಂಗಾಮು ಹೀಗೇ ಕಳೆದಿದ್ದೇನೆ. ಹೊಸದಾಗಿ ಸೇರಿದ ಹುಡುಗರು "ಅಣ್ಣಾ, ಹೆಂಗ ತಡ್ಕೊಂಡೀರಿ?" ಅಂತ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಹಗಲಿನ ನಿದ್ದೆ. ಅದೊಂದು ಸರಿಯಿದ್ದರೆ ಊಟ, ತೂಕ, ಸಿಟ್ಟು ಎಲ್ಲವೂ ಅರ್ಧಕ್ಕರ್ಧ ಹಿಡಿತಕ್ಕೆ ಬರುತ್ತವೆ. ಆದರೆ ಹಗಲು ನಿದ್ದೆ ಮಾಡುವುದು ಒಬ್ಬನ ಕೈಲಾಗುವ ಕೆಲಸ ಅಲ್ಲ. ಮನೆಯಲ್ಲಿ ಕುಕ್ಕರ್ ಕೂಗುತ್ತದೆ, ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ದೊಡ್ಡದಾಗಿ ಹಾಡು ಹಚ್ಚಿಕೊಂಡು ಹೋಗುತ್ತದೆ, ಊರಿನಿಂದ ಬಂದ ಮಾವ "ಇಷ್ಟೊತ್ತಾದರೂ ಮಲ್ಕೊಂಡಾನಲ್ಲ" ಅಂತ ಎಬ್ಬಿಸುತ್ತಾನೆ. ಹಗಲು ಮಲಗುವವನು ಸೋಮಾರಿ ಅನ್ನುವ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಹಾಗಾಗಿ ಹಂಗಾಮು ಶುರುವಾಗುವ ಮೊದಲೇ ಹೆಂಡತಿ, ಅವ್ವ, ಮಕ್ಕಳು ಎಲ್ಲರನ್ನೂ ಕೂರಿಸಿಕೊಂಡು ಮಾತಾಡಿದೆ. ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಮೂರರವರೆಗೆ ನನಗೆ ರಾತ್ರಿ. ಫೋನ್ ಹೆಂಡತಿಯ ಹತ್ತಿರ ಇರುತ್ತದೆ. ಬಂದವರಿಗೆ ಅವ್ವನೇ ಬಾಗಿಲಲ್ಲಿ ಹೇಳಿ ಕಳಿಸುತ್ತಾಳೆ: "ರಾತ್ರಿ ಪೂರಾ ನಿಂತು ದುಡದು ಬಂದಾನ, ಮೂರರ ಮ್ಯಾಲ ಬರ್ರಿ." ಆಕೆಯ ಈ ಒಂದು ಮಾತಿನಿಂದ ನನಗಾದ ಉಪಕಾರ ಯಾವ ಔಷಧಿಯಿಂದಲೂ ಆಗಿಲ್ಲ.

ಇನ್ನು ಕೋಣೆ. ನಮ್ಮದು ಮಣ್ಣಿನ ಮಾಳಿಗೆಯ ಹಳೇ ಮನೆ. ಮುಂದಿನ ಎರಡು ಕೋಣೆ ಆರ್‌ಸಿಸಿ. ನಾನು ಮಲಗುವುದು ಹಿಂದಿನ ಮಾಳಿಗೆ ಕೋಣೆಯಲ್ಲೇ. ಫೆಬ್ರುವರಿ ದಾಟಿದ ಮೇಲೆ ಆರ್‌ಸಿಸಿ ಕೋಣೆ ಮಧ್ಯಾಹ್ನ ಕಾಯುತ್ತದೆ, ಮಣ್ಣಿನ ಕೋಣೆ ತಂಪಾಗಿಯೇ ಇರುತ್ತದೆ. ಬೆಳಕಿಂಡಿಯ ಮೇಲೆ ತಗಡು ಮುಚ್ಚಿ, ಕಿಟಕಿಗೆ ದಪ್ಪ ಕೌದಿ ಕಟ್ಟಿದ್ದೇವೆ. ಕತ್ತಲು ಬೇಕೇ ಬೇಕು. ಮೆಲಟೋನಿನ್ ಅನ್ನುವ ಹಾರ್ಮೋನು ಮೈಗೆ ಈಗ ರಾತ್ರಿ ಅಂತ ತಿಳಿಸುತ್ತದೆ, ಕಣ್ಣಿಗೆ ಬೆಳಕು ಬಿದ್ದರೆ ಅದು ಇಳಿದುಬಿಡುತ್ತದೆ. ಫ್ಯಾನಿನ ಸದ್ದು ಹೊರಗಿನ ಗದ್ದಲವನ್ನು ಮುಚ್ಚುತ್ತದೆ, ಆದ್ದರಿಂದ ಚಳಿಗಾಲದಲ್ಲೂ ಅದನ್ನು ಗೋಡೆ ಕಡೆ ತಿರುಗಿಸಿ ಹಚ್ಚಿಡುತ್ತೇನೆ.

ಐದೂವರೆ ತಾಸು ಸಾಲದು, ಅಲ್ವಾ? ದೊಡ್ಡವರಿಗೆ ಏಳು ತಾಸಾದರೂ ಬೇಕು. ಉಳಿದದ್ದನ್ನು ರಾತ್ರಿ ಒಂಬತ್ತರಿಂದ ಹತ್ತೂವರೆವರೆಗೆ ಮಲಗಿ ತುಂಬಿಸಿಕೊಳ್ಳುತ್ತೇನೆ. ಈ ಎರಡನೇ ನಿದ್ದೆಯ ಬೆಲೆ ಗೊತ್ತಾಗುವುದು ನಸುಕಿನಲ್ಲಿ. ಮೂರರಿಂದ ಐದರ ನಡುವೆ ಮೈಯ ಬಿಸಿ ಕೆಳಗಿಳಿದಿರುತ್ತದೆ, ರೆಪ್ಪೆ ತಾನಾಗಿ ಮುಚ್ಚುತ್ತದೆ. ಉಗಿಯ ವಾಲ್ವ್ ಹತ್ತಿರ ನಿಂತವನಿಗೆ ಅದು ಜೀವದ ಪ್ರಶ್ನೆ.

ಊಟದಲ್ಲಿ ದೊಡ್ಡ ಬದಲಾವಣೆ ಏನಿಲ್ಲ, ಹೊತ್ತು ಮಾತ್ರ ಬದಲಿಸಿದೆ. ಹೊಟ್ಟೆ ತುಂಬ ಊಟ ಸಂಜೆ ಏಳಕ್ಕೆ, ಮನೆಯವರ ಜೊತೆ: ಜೋಳದ ರೊಟ್ಟಿ, ಕಾಳಿನ ಪಲ್ಯ, ಮೊಸರು, ಹಸಿ ಸೌತೆಕಾಯಿ, ಮೆಂತೆ ಸೊಪ್ಪು. ರಾತ್ರಿ ಹೊತ್ತು ಮೈ ಸಕ್ಕರೆಯನ್ನು ಹಗಲಿನಷ್ಟು ಚೆನ್ನಾಗಿ ಅರಗಿಸುವುದಿಲ್ಲ. ಅದಕ್ಕೇ ಎರಡು ಗಂಟೆಗೆ ಬರೀ ಒಂದು ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ. ಗೇಟಿನ ಹೊರಗೆ ಬಿಸಿ ಬಿಸಿ ಮಿರ್ಚಿ ಭಜಿ ಸಿಗುತ್ತದೆ, ನಾನು ಆ ಕಡೆ ಹೋಗುವುದಿಲ್ಲ. ಚಹಾ ಪಾಳಿಯ ಮೊದಲರ್ಧದಲ್ಲೇ ಮುಗಿಸುತ್ತೇನೆ, ಮೂರರ ನಂತರ ಇಲ್ಲ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಐದಾರು ತಾಸು ಮೈಯಲ್ಲೇ ಉಳಿದಿರುತ್ತದೆ. ನೀರು ಮಾತ್ರ ಜಾಸ್ತಿ ಕುಡಿಯಬೇಕು, ಪ್ಯಾನಿನ ಹತ್ತಿರದ ಸೆಕೆ ಅಷ್ಟಿಷ್ಟಲ್ಲ.

ಬೆಳಿಗ್ಗೆ ಮನೆಗೆ ಬೈಕಿನಲ್ಲಿ ಹೋಗುವುದನ್ನು ಬಿಟ್ಟಿದ್ದೇನೆ, ಕಾರ್ಖಾನೆ ಬಸ್ಸಿನಲ್ಲೇ ಬರುತ್ತೇನೆ. ರಸ್ತೆ ತುಂಬ ಜೋಡಿ ಟ್ರಾಲಿಗಳು, ಎಷ್ಟೋ ಟ್ರಾಲಿಗಳ ಹಿಂದೆ ಲೈಟೂ ಇರುವುದಿಲ್ಲ. ತೂಕಡಿಸುತ್ತಾ ಅವುಗಳ ನಡುವೆ ಬೈಕ್ ಓಡಿಸಬೇಡಿ. ಬೈಕೇ ಗತಿ ಅನ್ನುವವರು ಹೊರಡುವ ಮೊದಲು ವಿಶ್ರಾಂತಿ ಕೋಣೆಯಲ್ಲಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ, ಎದ್ದು ಮುಖ ತೊಳೆದು, ಪೂರ್ತಿ ಎಚ್ಚರಾದ ಮೇಲೆ ಗಾಡಿ ಹತ್ತಿ.

ಪಾಳಿ ಬದಲಾಗುವ ಕ್ರಮವೂ ಮುಖ್ಯ. ಬೆಳಗಿನದು, ಆಮೇಲೆ ಮಧ್ಯಾಹ್ನದ್ದು, ಆಮೇಲೆ ರಾತ್ರಿಯದು, ಹೀಗೆ ಮುಂದಕ್ಕೆ ಸರಿದರೆ ಮೈ ಬೇಗ ಒಗ್ಗುತ್ತದೆ. ಹೆಚ್ಚಿನವರ ಒಳಗಡಿಯಾರ 24 ತಾಸಿಗಿಂತ ತುಸು ಉದ್ದ, ಆದ್ದರಿಂದ ತಡವಾಗಿ ಮಲಗುವುದು ಬೇಗ ಮಲಗುವುದಕ್ಕಿಂತ ಸುಲಭ. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಅಂತ ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ನಾವು ನಾಲ್ಕೈದು ಜನ ಸೇರಿ ಪಾಳಿ ಪಟ್ಟಿ ಬರೆಯುವ ಸಾಹೇಬರಿಗೆ ಇದನ್ನು ವಿವರಿಸಿ ಹೇಳಿದೆವು, ಅವರು ಒಪ್ಪಿಕೊಂಡರು. ಖರ್ಚಿಲ್ಲದ ಬದಲಾವಣೆ ಇದು. ಕೇಳಿ ನೋಡಿ.

ತಪಾಸಣೆ ಬಿಡಬೇಡಿ. ರಾತ್ರಿ ಪಾಳಿಯನ್ನು ಕ್ಯಾನ್ಸರ್ ತರುವ ಸಂಭವ ಇರುವ ಕೆಲಸಗಳ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೇ ಸೇರಿಸಿದೆ, 2019ರಲ್ಲಿ ಮತ್ತೆ ಅದನ್ನೇ ಹೇಳಿದೆ. ಸಕ್ಕರೆ ಕಾಯಿಲೆ, ಬಿಪಿಯ ಅಪಾಯವೂ ಇದೆ. ಪಾಳಿ ಮುಗಿಸಿ ನೇರ ಲ್ಯಾಬಿಗೆ ಹೋಗಿ ಖಾಲಿ ಹೊಟ್ಟೆಯ ಟೆಸ್ಟ್ ಮಾಡಿಸಿದರೆ ಲೆಕ್ಕ ತಪ್ಪಬಹುದು, ನಡುವೆ ಊಟ ಆಗಿರುತ್ತದಲ್ಲ. ನಾನು ಎಚ್‌ಬಿಎ1ಸಿ ಮಾಡಿಸುತ್ತೇನೆ. ಅದು ರಕ್ತದಲ್ಲಿನ ಸಕ್ಕರೆಯ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ, ಯಾವ ಹೊತ್ತಿಗೆ ರಕ್ತ ಕೊಟ್ಟರೂ ನಡೆಯುತ್ತದೆ. ಬಿಪಿಯನ್ನು ಚೆನ್ನಾಗಿ ನಿದ್ದೆ ಮಾಡಿದ ದಿನ ನೋಡಿಸಿಕೊಳ್ಳಿ.

ಮೂರ್ಛೆ ರೋಗ ಇದ್ದವರಿಗೆ ನಿದ್ದೆಗೆಟ್ಟರೆ ಫಿಟ್ಸ್ ಬರಬಹುದು. ಇನ್ಸುಲಿನ್ ತಗೊಳ್ಳುವವರ ಡೋಸಿನ ಹೊತ್ತು ಪಾಳಿಯ ಜೊತೆ ಬದಲಾಗಬೇಕಾಗುತ್ತದೆ, ಅದನ್ನು ಡಾಕ್ಟರೇ ಹೇಳಬೇಕು. ಇಂಥವರು ಸುಮ್ನೆ ಸಹಿಸಿಕೊಂಡು ಇರಬೇಡಿ. ಡಾಕ್ಟರ ಹತ್ತಿರ ಚೀಟಿ ಬರೆಸಿಕೊಂಡು ಹೋಗಿ ಹಗಲು ಪಾಳಿ ಕೇಳಿ.