ಮಾತ್ರೆಗೆ ಮುನ್ನ ಉಪ್ಪಿನ ಲೆಕ್ಕ

ನನ್ನ ಬಿಪಿ ಮೇಲೆ 138, ಕೆಳಗೆ 88. ತಲೆನೋವಿಲ್ಲ, ತಲೆಸುತ್ತಿಲ್ಲ, ಹಲ್ಲು ಕೀಳಿಸಲು ಹೋದಾಗ ಅಳೆದದ್ದರಿಂದ ಗೊತ್ತಾಯಿತು, ಅಷ್ಟೇ. ಸ್ವಲ್ಪ ಏರಿದ ಬಿಪಿ ತಾನಾಗಿ ಏನನ್ನೂ ಹೇಳುವುದಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ 140/90 ಮುಟ್ಟಿದರೆ ಅಧಿಕ ರಕ್ತದೊತ್ತಡ ಎನ್ನುತ್ತಾರೆ. ಅಮೆರಿಕದ ಹೃದ್ರೋಗ ತಜ್ಞರು 2017ರಲ್ಲಿ ಆ ಗೆರೆಯನ್ನು 130/80ಕ್ಕೆ ಇಳಿಸಿದರು. ನಾನು ಎರಡರ ನಡುವೆ ಸಿಕ್ಕಿಕೊಂಡವಳು.

"ಹಲ್ಲು ಕೀಳಿಸಲು ಹೆದರಿ ಕೂತವರ ಒಂದು ಅಳತೆ ನಂಬಬೇಡಿ, ಒಂದು ವಾರ ಮನೆಯಲ್ಲೇ ಅಳೆದು ಬರೆದು ತನ್ನಿ" ಎಂದರು ನಮ್ಮ ಡಾಕ್ಟರು. ಮಣಿಕಟ್ಟಿನದು ಬೇಡ, ತೋಳಿಗೆ ಪಟ್ಟಿ ಸುತ್ತುವ ಯಂತ್ರವೇ ಇರಲಿ ಎಂದೂ ಹೇಳಿದರು. ನನ್ನ ತೋಳು ದಪ್ಪ; ಪಟ್ಟಿ ಚಿಕ್ಕದಾದರೆ ಅಂಕಿ ಸುಳ್ಳೇ ಏರುತ್ತದೆಂದು ದೊಡ್ಡ ಪಟ್ಟಿ ಕೊಂಡೆ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಕಾಫಿಗೆ ಮುಂಚೆ, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಮಾತಿಲ್ಲದೆ ಕೂರುವುದು. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ. ಸಂಜೆಯೂ ಹೀಗೆಯೇ. ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆದರೆ 133/84 ಬಂತು. ಮನೆಯ ಅಳತೆಗೆ ಗಡಿ 135/85. "ಮಾತ್ರೆ ಈಗ ಬೇಡ, ಮೂರು ತಿಂಗಳು ನೋಡೋಣ" ಎಂದರು. ಮಂಡಿನೋವಿಗೆ ನಾನು ಆಗಾಗ ನುಂಗುತ್ತಿದ್ದ ಡೈಕ್ಲೋಫೆನಾಕ್ ಕೂಡ ಬಿಪಿ ಏರಿಸಬಲ್ಲದು ಎಂದು ಅದನ್ನು ನಿಲ್ಲಿಸಿದರು.

ಉಳಿದದ್ದು ಅಡುಗೆಮನೆಯ ಕೆಲಸ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಒಬ್ಬರಿಗೆ ಐದು ಗ್ರಾಂಗಿಂತ ಕಡಿಮೆ ಉಪ್ಪು. ಊಟಕ್ಕೆ ಕೂತು ಗ್ರಾಂ ಲೆಕ್ಕ ಹಾಕುವವರು ಯಾರು? ನಾನು ಉಪ್ಪಿನ ಪೊಟ್ಟಣದ ಮೇಲೆ ಒಡೆದ ತಾರೀಖು ಬರೆದಿಟ್ಟೆ. ನಾಲ್ವರಿಗೆ ಒಂದು ಕಿಲೋ ಐವತ್ತು ದಿನವಾದರೂ ಬರಬೇಕು. ನಮ್ಮಲ್ಲಿ ತಿಂಗಳೊಳಗೇ ಖಾಲಿ! ಭರಣಿಯಲ್ಲಿದ್ದ ಮಾವಿನಮಿಡಿ, ಹಪ್ಪಳ, ಮಜ್ಜಿಗೆ ಮೆಣಸು ಈ ಲೆಕ್ಕಕ್ಕೆ ಹೊರಗೆ. ಸಾಗರದ ಕಡೆಯವರಿಗೆ ಮಿಡಿ ಬಿಡಿ ಎನ್ನುವುದು ಸುಲಭವಲ್ಲ. ಭಾನುವಾರ ಒಂದೇ ಮಿಡಿ ಎಂದು ಒಪ್ಪಂದವಾಯಿತು. ಸಾರು, ಪಲ್ಯದ ಉಪ್ಪನ್ನು ಯಾರಿಗೂ ಹೇಳದೆ ವಾರ ವಾರ ಚೂರು ಚೂರೇ ಇಳಿಸಿದೆ, ಲಿಂಬೆಯೋ ಮುರುಗಲೋ ತುಸು ಹೆಚ್ಚಿಸಿದೆ. ತಂಬುಳಿಗೆ ಉಪ್ಪು ಕಡಿಮೆಯೆಂದು ಯಾರೂ ದೂರಲಿಲ್ಲ; ಉಪ್ಪಿಟ್ಟಿನಲ್ಲಿ ಮಾತ್ರ ತಕ್ಷಣ ಸಿಕ್ಕಿಬಿದ್ದೆ. ಕಡಿಮೆ ಸೋಡಿಯಂ ಉಪ್ಪು ತರಲಿಲ್ಲ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಅತ್ತೆಗೆ ಮೂತ್ರಪಿಂಡದ ತೊಂದರೆಯಿದೆ.

ಜೊತೆಗೆ ದಿನವೂ ಅರ್ಧ ಗಂಟೆ ಬಿರುಸು ನಡಿಗೆ. ತೂಕವೂ ಸ್ವಲ್ಪ ಇಳಿಯಿತು. ಬಿಪಿಯ ಮೇಲಿನ ಅಂಕಿಯ ಈಗಿನ ಸರಾಸರಿ 125ರ ಆಸುಪಾಸು. ಇದೇ ಪಥ್ಯ ಮಾಡಿದ ಅಣ್ಣನಿಗೆ ಸಕ್ಕರೆ ಕಾಯಿಲೆಯೂ ಇದ್ದುದರಿಂದ ಡಾಕ್ಟರು ಟೆಲ್ಮಿಸಾರ್ಟಾನ್ ಎಂಬ ಬಿಪಿ ಮಾತ್ರೆ ಶುರುಮಾಡಿದರು. ನನ್ನ ಅಂಕಿ ತೋರಿಸಿ ಅವನು ಮಾತ್ರೆ ಬಿಡಲು ಹೊರಟಾಗ, ಯಂತ್ರವನ್ನೂ ಅವನನ್ನೂ ಒಟ್ಟಿಗೆ ಡಾಕ್ಟರ ಬಳಿ ಕರೆದುಕೊಂಡು ಹೋದೆ.