ಮಾಂಟೆರ್ರೆಯ ರ್‍ಯಾಪರ್ ಹಾಡಿಗೆ ನಾನು ಬೇಸ್ ನುಡಿಸಿದ್ದು

ಕೆಲಸದ ಮೇಲೆ ಮೆಕ್ಸಿಕೋದ ಮಾಂಟೆರ್ರೆಲಿದ್ದಾಗ ಅಲ್ಲಿನ ಒಬ್ಬ ರ್‍ಯಾಪರ್ ಜೊತೆ ಹಾಡು ಮಾಡಿದ್ವಿ, ಬೇಸ್ ಗಿಟಾರು ಮಿಕ್ಸಿಂಗು ನಂದು, ಉಳಿದಿದ್ದು ಅವಂದು. ವರ್ಸ್ (ಚರಣ) ಪೂರ್ತಿ ಹಿಪ್‌ಹಾಪ್, ಕೋರಸ್ (ಪಲ್ಲವಿ) ಮಾತ್ರ ಪಕ್ಕಾ ಪಾಪ್-ರಾಕ್ ಇರ್ಬೇಕು ಅಂತ ಅವನ ಹಠ. ಆ ಊರಿಗೆ ಇದೇನ್ ಹೊಸದಲ್ಲ ಬಿಡಿ, 1990ರ ದಶಕದ ಕಂಟ್ರೋಲ್ ಮಚೇತೆ, ಪ್ಲಾಸ್ಟಿಲಿನಾ ಮೋಶ್ ಅನ್ನೋ ಎರಡು ಮ್ಯೂಸಿಕ್ ಗುಂಪೂ ಅಲ್ಲಿಂದ್ಲೇ ಬಂದಿದ್ದು.

ತಲೆನೋವು ಅಂದ್ರೆ ಗಿಟಾರ್. ಡಿಸ್ಟಾರ್ಷನ್ (ದನಿ ಒಡೆದು ಗರಗರ ಅನ್ನಿಸೋದು) ಹಾಕಿದ ಗಿಟಾರ್ ಕೂರೋದು ಮನುಷ್ಯನ ದನಿ ಇರೋ ಫ್ರೀಕ್ವೆನ್ಸಿ ಜಾಗದಲ್ಲೇ, ಹಾಡೋರಾದ್ರೆ ಸ್ವರ ಎಳೆದು ಹೆಂಗೋ ಮೇಲೆ ಬರ್ತಾರೆ, ರ್‍ಯಾಪರ್‌ಗೆ ಹಂಗಾಗಲ್ಲ, ತ ಕ ಪ ಎಲ್ಲ ನೆಟ್ಟಗೆ ಕೇಳ್ದೆ ಹೋದ್ರೆ ಮಾತೇ ಗೊತ್ತಾಗಲ್ಲ. ನಂಗೆ ದಾರಿ ಸಿಕ್ಕಿದ್ದು ಮೆಕ್ಸಿಕೋ ಸಿಟಿಯ ಮೊಲೊಟೊವ್ ಬ್ಯಾಂಡಿಂದ. ಅವರ 1997ರ ಮೊದಲ್ನೇ ಆಲ್ಬಂ ಕೇಳಿ ನೋಡಿ, ಬ್ಯಾಂಡಲ್ಲಿ ಇಬ್ಬರು ಬೇಸ್ ನುಡಿಸೋರು, ಹಾಡಿನ ಭಾರ ಎಲ್ಲ ಕೆಳಗಿನ ದನಿಗಳಲ್ಲೇ ಇರತ್ತೆ. ಸರಿ, ನಾನೂ ವರ್ಸಲ್ಲಿ ಗಿಟಾರ್ ತೆಗೆದೇ ಬಿಟ್ಟು ಎರಡು ಬೇಸ್ ಟ್ರ್ಯಾಕ್ ಹಾಕ್ದೆ, ಒಂದು ಕ್ಲೀನ್, 200 ಹರ್ಟ್ಸ್‌ಗಿಂತ ಮೇಲಿನದೆಲ್ಲ ಕಟ್, ಇನ್ನೊಂದು ಪಿಕ್ಕಲ್ಲಿ ನುಡಿಸಿ ಫಝ್ (ಇನ್ನೂ ಒರಟಾದ ಡಿಸ್ಟಾರ್ಷನ್) ಹಾಕಿದ್ದು, ಅದ್ರಲ್ಲಿ 2ರಿಂದ 4 ಕಿಲೋಹರ್ಟ್ಸ್ ಸ್ವಲ್ಪ ತಗ್ಗಿಸಿದೆ, ಯಾಕಂದ್ರೆ ಮಾತು ಸ್ಪಷ್ಟ ಆಗೋದು ಅಲ್ಲೇ. ಕೋರಸ್‌ಗೆ ಗಿಟಾರ್ ಎರಡು ಸಲ ನುಡಿಸಿ ಎಡಕ್ಕೊಂದು ಬಲಕ್ಕೊಂದು ಪ್ಯಾನ್. ಕಾಪಿ ಪೇಸ್ಟ್ ಮಾಡಿದ್ರೆ ಅಗಲ ಬರಲ್ಲ, ಮತ್ತೆ ನುಡಿಸ್ಲೇಬೇಕು.

ಟೆಂಪೋ ನಿಮಿಷಕ್ಕೆ 92 ಬೀಟ್. ವರ್ಸಲ್ಲಿ ಡ್ರಮ್ ಲೂಪ್ (ಮತ್ತೆ ಮತ್ತೆ ಸುತ್ತೋ ತುಣುಕು), ಕೋರಸಲ್ಲಿ ನಿಜವಾದ ಡ್ರಮ್ಸ್, ಆದ್ರೆ ಲೂಪನ್ನ ಅಡಿಯಲ್ಲಿ ಮೆಲ್ಲಗೆ ಓಡೋಕೆ ಬಿಟ್ಟಿದೀನಿ, ಇಲ್ಲಾಂದ್ರೆ ಬೇರೆ ಬೇರೆ ಹಾಡು ತಂದು ಅಂಟಿಸಿದಂಗೆ ಇರತ್ತೆ.

ಇನ್ನು ರೆಕಾರ್ಡಿಂಗು. ಸ್ಪ್ಯಾನಿಷಲ್ಲಿ ಒಂದು ಪದ ಸ್ವರಾಕ್ಷರದಲ್ಲಿ ಮುಗಿದು ಮುಂದಿನದೂ ಸ್ವರಾಕ್ಷರದಲ್ಲೇ ಶುರುವಾದ್ರೆ ಎರಡೂ ಕೂಡ್ಕೊಂಡು ಒಂದೇ ಸಮ ಹೋಗ್ಬಿಡತ್ತೆ, ಅಂಥ ಕಡೆ ಪಂಚ್-ಇನ್ (ತಪ್ಪಿದ ತುಂಡಷ್ಟೇ ಮತ್ತೆ ರೆಕಾರ್ಡ್) ಮಾಡಿದ್ರೆ ಕಟ್ ಮಾಡಿದ ಜಾಗ ಎದ್ದು ಕೇಳತ್ತೆ, ಅದಕ್ಕೇ ನಾಲ್ಕು ಬಾರ್ (ತಾಳದ ನಾಲ್ಕು ಸುತ್ತು) ಒಟ್ಟಿಗೇ ತಗೊಂಡ್ವಿ. ಕೋರಸ್ ಹಾಡೋಕೆ ಮಾತ್ರ ಮಹಾಶಯಂಗೆ ನಾಚಿಕೆ, ನಾನೇನ್ ಸಿಂಗರ್ರಾ ಅಂತ! ಆಟೋಟ್ಯೂನ್ (ಶ್ರುತಿ ಸರಿ ಮಾಡೋ ಸಾಫ್ಟ್‌ವೇರ್) ಮುಟ್ಟಲಿಲ್ಲ, ಮೂರು ಟೇಕ್ ಒಂದರ ಮೇಲೊಂದು ಇಟ್ಟೆ, ಶ್ರುತಿ ಆಚೀಚೆ ಇದ್ದಿದ್ದು ಸೇರ್ಕೊಂಡು ಫ್ರೆಂಡ್ಸ್ ಎಲ್ಲ ಒಟ್ಟಿಗೆ ಹಾಡಿದಂಗೆ ಬಂತು, ನಂಗಂತೂ ಇಡೀ ಹಾಡಲ್ಲಿ ಅದೇ ಇಷ್ಟ. ಈಗ ಇದನ್ನ ಲೈವ್ ಮಾಡ್ಬೇಕು ಅಂತ ಕೂತಿದಾನೆ, ಅದಕ್ಕೆ ಇನ್ನೊಬ್ಬ ಬೇಸಿಸ್ಟ್ ಬೇಕು, ಸಿಕ್ಕೋರೆಲ್ಲ ಗಿಟಾರಿಸ್ಟ್‌ಗಳೇ.