ಎರಿ ಹೊಲಕ್ಕೂ ಕಲ್ಲು ದಾರಿಗೂ ಟೂ ವೀಲ್ ಡ್ರೈವ್ ಗಾಡಿ ಸಜ್ಜು ಮಾಡುವುದು ಹೇಗೆ?

ನಮ್ಮ ಕಲಬುರಗಿ, ಯಾದಗಿರಿ ಕಡೆ ಹೊಲ, ತೋಟ, ಕಲ್ಲಿನ ಗಣಿ ಅಂತ ಓಡಾಡುವವರ ಹತ್ತಿರ ಹೆಚ್ಚಾಗಿ ಕಾಣುವುದು ಬೊಲೆರೊ, ಹಳೇ ಸುಮೊ, ಇಲ್ಲವೇ ಸ್ಕಾರ್ಪಿಯೊ. ಇವುಗಳಲ್ಲಿ ಬಹುಪಾಲು ಗಾಡಿಗಳಲ್ಲಿ ಇಂಜಿನ್ನಿನ ಬಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಹೋಗುತ್ತದೆ. ಫೋರ್ ವೀಲ್ ಡ್ರೈವ್ ಬೇಕೆಂದರೆ ಲಕ್ಷಗಟ್ಟಲೆ ಜಾಸ್ತಿ ಸುರಿಯಬೇಕು. ಇರುವ ಗಾಡಿಯನ್ನೇ ಸ್ವಲ್ಪ ತಯಾರು ಮಾಡಿಕೊಂಡರೆ ಆಗಲ್ವಾ? ಆಗುತ್ತದೆ. ಆದರೆ ಯಾವುದಕ್ಕೆ ಮೊದಲು ದುಡ್ಡು ಹಾಕಬೇಕು ಅನ್ನುವುದರಲ್ಲೇ ಎಲ್ಲಾ ಇದೆ. ಅಂಗಡಿಯವರು ಮೊದಲು ತೋರಿಸುವುದು ಲೈಟು, ಬಂಪರು, ಸ್ಟಿಕ್ಕರು. ಅವನ್ನು ಕೊನೆಗಿಡಿ. ಕೆಲವನ್ನು ಬಿಟ್ಟೇ ಬಿಡಿ.

ಮೊದಲು ನೆಲ ನೋಡಿ

ಗಾಡಿಗೆ ಕೈ ಹಾಕುವ ಮೊದಲು ನೀವು ಓಡಾಡುವ ನೆಲ ಯಾವುದು ಅಂತ ನೋಡಿ. ಬೀದರ್ ಸುತ್ತ ಕೆಂಪು ಜಂಬಿಟ್ಟಿಗೆ ನೆಲ. ಮಳೆ ಬಂದರೂ ಚಕ್ರಕ್ಕೆ ಹಿಡಿತ ಸಿಗುತ್ತದೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಫರಸಿ ಕಲ್ಲಿನ ಚೂರು. ಅದರ ಅಂಚು ಚಾಕುವಿನಂತಿರುತ್ತದೆ, ಟೈರಿನ ಪಕ್ಕವನ್ನೇ ಸೀಳುತ್ತದೆ. ಶಹಾಪುರ, ಯಾದಗಿರಿ ಗುಡ್ಡಗಳ ಬುಡದಲ್ಲಿ ಗ್ರಾನೈಟ್ ಗುಂಡುಗಳು. ಅಲ್ಲಿ ಪೆಟ್ಟು ಬೀಳುವುದು ಗಾಡಿಯ ಹೊಟ್ಟೆಗೆ.

ಉಳಿದದ್ದು ಎರಿ ಹೊಲ. ಈ ಕಪ್ಪು ಜೇಡಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಅಂಟುತ್ತದೆ. ಚಕ್ರ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಟೈರಿನ ಹಲ್ಲುಗಳ ನಡುವೆ ರಾಡಿ ತುಂಬಿ ನುಣ್ಣಗಾಗುತ್ತದೆ. ಆಮೇಲೆ ಟೈರು ಎಷ್ಟೇ ದುಬಾರಿಯದಿರಲಿ, ಅದು ಬೋಳು ಟೈರೇ. ಜೋರು ಮಳೆ ಬಿದ್ದ ಎರಿ ಹೊಲದಲ್ಲಿ ಫೋರ್ ವೀಲ್ ಡ್ರೈವ್ ಕೂಡ ಸಿಕ್ಕಿಬೀಳುತ್ತದೆ. ಅಲ್ಲಿಗೆ ಟ್ರ್ಯಾಕ್ಟರೇ ಸರಿ. ನಾವು ಗಾಡಿ ಸಜ್ಜು ಮಾಡುವುದು ಅರ್ಧ ಒಣಗಿದ ಬಂಡಿ ದಾರಿಗೆ, ಮುರಂ (ಗರಸು ಮಣ್ಣು) ಹಾಕಿದ ಏರಿಗೆ, ಕಲ್ಲು ದಾರಿಗೆ.

ಟೈರು

ಮೊದಲ ದುಡ್ಡು ಇದಕ್ಕೇ. ಕಂಪನಿ ಕೊಟ್ಟ ಡಾಂಬರು ರಸ್ತೆಯ ಟೈರು ತೆಗೆದು ಆಲ್ ಟೆರೇನ್ ಟೈರು ಹಾಕಿಸಿ. ಇದರ ಹಲ್ಲು ದಪ್ಪ, ಪಕ್ಕದ ಗೋಡೆಯೂ ಸಾಮಾನ್ಯವಾಗಿ ಗಟ್ಟಿ. ಮಡ್ ಟೆರೇನ್ ಅಂತ ಇನ್ನೊಂದಿದೆ. ಅದರ ಹಲ್ಲುಗಳ ನಡುವಿನ ಜಾಗ ಅಗಲ, ರಾಡಿ ಬೇಗ ಉದುರುತ್ತದೆ. ಆದರೆ ಡಾಂಬರಿನ ಮೇಲೆ ಗುಂಯ್ ಅನ್ನುತ್ತದೆ, ಬೇಗ ಸವೆಯುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿತವೂ ಕಡಿಮೆ. ವಾರಕ್ಕೊಮ್ಮೆ ಹೊಲ, ಉಳಿದ ದಿನ ಊರು ಅನ್ನುವವರಿಗೆ ಅದು ಬೇಡ.

ಅಳತೆಯಲ್ಲಿ ಆಸೆ ಪಡಬೇಡಿ. ಬೊಲೆರೊದ ಹಲವು ಮಾದರಿಗಳಿಗೆ ಬರುವುದು 215/75 ಆರ್ 15. ಅಂದರೆ ಅಗಲ 215 ಮಿ.ಮೀ., ಪಕ್ಕದ ಎತ್ತರ ಅದರ ಶೇ 75, ರಿಮ್ 15 ಇಂಚು. ಲೆಕ್ಕ ಹಾಕಿದರೆ ಟೈರಿನ ಒಟ್ಟು ಎತ್ತರ ಸುಮಾರು 703 ಮಿ.ಮೀ. ಅದರ ಬದಲು 235/75 ಹಾಕಿದರೆ ಸುಮಾರು 733 ಆಗುತ್ತದೆ. 30 ಮಿ.ಮೀ. ಬೆಳೆದರೂ ಗಾಡಿ ಏಳುವುದು ಅದರ ಅರ್ಧ, 15 ಮಿ.ಮೀ. ಮಾತ್ರ. ಸ್ಪೀಡೋಮೀಟರ್ ಓದು ಶೇ 4ರಷ್ಟು ಕಡಿಮೆ ಆಗುತ್ತದೆ. ಇನ್ನೂ ದೊಡ್ಡ ತೊಂದರೆ ಗೇರಿನದು. ಟೂ ವೀಲ್ ಡ್ರೈವ್ ಗಾಡಿಯಲ್ಲಿ ಲೋ ರೇಂಜ್ ಗೇರು, ಅಂದರೆ ನಿಧಾನವಾಗಿ ಜಾಸ್ತಿ ಬಲದಿಂದ ಎಳೆಯುವ ಗೇರು, ಇರುವುದಿಲ್ಲ. ಚಕ್ರ ದೊಡ್ಡದಾದಷ್ಟೂ ಫಸ್ಟ್ ಗೇರಿನ ಎಳೆತ ಕುಗ್ಗುತ್ತದೆ, ಹಾಫ್ ಕ್ಲಚ್ ಒತ್ತುವುದು ಜಾಸ್ತಿ ಆಗುತ್ತದೆ, ಕ್ಲಚ್ ಪ್ಲೇಟು ಸುಟ್ಟ ವಾಸನೆ ಬರುತ್ತದೆ. ಕಂಪನಿಯ ಅಳತೆಯಲ್ಲೇ ಒಳ್ಳೇ ಟೈರು ತೆಗೆದುಕೊಳ್ಳಿ. ಸ್ಟೆಪ್ನಿಯೂ ಅದೇ ಅಳತೆಯದಿರಲಿ.

ಗಾಳಿ: ಪುಕ್ಕಟೆ ಅಪ್‌ಗ್ರೇಡ್

ಇದನ್ನು ಯಾರೂ ಮಾರುವುದಿಲ್ಲ, ಅದಕ್ಕೇ ಯಾರೂ ಹೇಳುವುದೂ ಇಲ್ಲ. 30–32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರುವ ಗಾಳಿಯನ್ನು ಮೆತ್ತನೆ ನೆಲದಲ್ಲಿ 20ರ ಹತ್ತಿರಕ್ಕೆ ಇಳಿಸಿ. ಟೈರು ಉದ್ದಕ್ಕೆ ಹರಡಿಕೊಂಡು ನೆಲದ ಮೇಲೆ ಕೂರುತ್ತದೆ, ಭಾರ ಹಂಚಿಹೋಗುತ್ತದೆ, ಹೂತುಕೊಳ್ಳುವುದು ಕಡಿಮೆ ಆಗುತ್ತದೆ. ಭೀಮಾ, ಕಾಗಿಣಾ ದಂಡೆಯ ಮರಳಿನಲ್ಲಂತೂ ತಕ್ಷಣ ವ್ಯತ್ಯಾಸ ಗೊತ್ತಾಗುತ್ತದೆ. 15ಕ್ಕಿಂತ ಕೆಳಗೆ ಇಳಿಸಬೇಡಿ. ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಬಹುದು. ಫರಸಿ ಚೂರಿನ ದಾರಿಯಲ್ಲಿ ಇಷ್ಟು ಇಳಿಸಲೇಬಾರದು, ಪಕ್ಕದ ಗೋಡೆ ಉಬ್ಬಿ ಕಲ್ಲಿಗೆ ಸಿಗುತ್ತದೆ.

ಗಾಳಿ ಇಳಿಸಿದ ಮೇಲೆ ನಿಧಾನವಾಗಿ ಹೋಗಿ. ಡಾಂಬರು ಹತ್ತುವ ಮೊದಲೇ ಮತ್ತೆ ತುಂಬಿಸಿ. ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಗಾಳಿ ಕಡಿಮೆ ಇರುವ ಟೈರು ವೇಗವಾಗಿ ಓಡಿದರೆ ಕಾದು ಒಡೆಯುತ್ತದೆ. ಅದಕ್ಕೆ ಬ್ಯಾಟರಿಗೆ ಕ್ಲಿಪ್ ಹಾಕುವ 12 ವೋಲ್ಟ್ ಕಂಪ್ರೆಸರ್ ಮತ್ತು ಒಂದು ಗೇಜು ಬೇಕೇ ಬೇಕು.

ಹೊಟ್ಟೆಗೆ ತಟ್ಟೆ

ಕೆಳಗೆ ಬಗ್ಗಿ ನೋಡಿ. ಆಯಿಲ್ ಸಂಪ್ (ಇಂಜಿನ್ ಆಯಿಲ್ ನಿಲ್ಲುವ ತಳದ ಪಾತ್ರೆ), ಸೈಲೆನ್ಸರ್ ಪೈಪು, ಡೀಸೆಲ್ ಟ್ಯಾಂಕು ಎಷ್ಟು ಕೆಳಗಿವೆ? ಇಂಜಿನ್ ಕೆಳಗೆ 3 ಮಿ.ಮೀ. ಉಕ್ಕಿನ ತಟ್ಟೆ ಹಾಕಿಸಿ. ಬೋಲ್ಟು ಚಾಸಿಸ್ಸಿಗೆ ಹೋಗಲಿ, ಸಂಪಿಗೆ ಅಲ್ಲ. ಗಾಳಿಯಾಡಲು, ಆಯಿಲ್ ಬದಲಿಸಲು ತೂತು ಬಿಡಿಸಿ. ಪಕ್ಕದಲ್ಲಿ ಜೋತುಬಿದ್ದ ಕಾಲಿಡುವ ಪಟ್ಟಿ ಕಳಚಿದರೆ ದುಡ್ಡಿಲ್ಲದೆ ಒಂದಷ್ಟು ಎತ್ತರ ಸಿಕ್ಕ ಹಾಗೆ. ಮನೆಯ ಹಿರಿಯರು ಹತ್ತುವ ಗಾಡಿಯಾದರೆ ಅದು ನಡೆಯುವುದಿಲ್ಲ ಬಿಡಿ.

ಒಂದೇ ಚಕ್ರ ತಿರುಗುವ ರೋಗ

ರಾಡಿಯಲ್ಲಿ ಒಂದು ಚಕ್ರ ಗಿರಗಿರ ತಿರುಗುತ್ತದೆ, ಪಕ್ಕದ್ದು ಸುಮ್ನೆ ನಿಂತಿರುತ್ತದೆ. ಯಾಕೆ? ಎರಡು ಚಕ್ರಕ್ಕೆ ಬಲ ಹಂಚುವ ಗೇರು ಪೆಟ್ಟಿಗೆಗೆ ಡಿಫರೆನ್ಷಿಯಲ್ ಅನ್ನುತ್ತಾರೆ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಒಂದೇ ಅಳತೆಯ ತಿರುಗುಬಲ ಕೊಡುತ್ತದೆ. ಹಿಡಿತ ಇಲ್ಲದ ಚಕ್ರ ಎಷ್ಟು ಬಲ ತಡೆಯುತ್ತದೋ ಅಷ್ಟೇ ಹಿಡಿತ ಇರುವ ಚಕ್ರಕ್ಕೂ. ಹಾಗಾಗಿ ಆಕ್ಸಿಲರೇಟರ್ ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ.

ಇದಕ್ಕೆ ಮದ್ದು ಒಂದೇ ಚಕ್ರ ತಿರುಗುವುದನ್ನು ತಡೆಯುವ ಲಿಮಿಟೆಡ್ ಸ್ಲಿಪ್ ಇಲ್ಲವೇ ಲಾಕ್ ಆಗುವ ಡಿಫರೆನ್ಷಿಯಲ್. ಬೊಲೆರೊ ನಿಯೊದ ಎನ್10 (ಒ) ಮಾದರಿಯಲ್ಲಿ ತಾನಾಗಿ ಲಾಕ್ ಆಗುವ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ಕಂಪನಿಯಿಂದಲೇ ಬರುತ್ತದೆ. ಗಾಡಿ ಬದಲಿಸುವ ಯೋಚನೆ ಇದ್ದರೆ ಮೊದಲು ಇದನ್ನು ನೋಡಿ. ಹಳೇ ಗಾಡಿಗೆ ಹೊರಗಿನಿಂದ ಹಾಕಿಸುವುದು ದುಬಾರಿ, ಎಲ್ಲಾ ಮಿಸ್ತ್ರಿಗಳ ಕೈಗೂ ಹೊಂದದ ಕೆಲಸ.

ಅದಿಲ್ಲದವರಿಗೆ ಒಂದು ಉಪಾಯ. ಹಿಂದಿನ ಚಕ್ರದ ಡ್ರೈವ್ ಇದ್ದು, ಹ್ಯಾಂಡ್‌ಬ್ರೇಕೂ ಹಿಂದಿನ ಚಕ್ರಕ್ಕೇ ಇದ್ದರೆ, ಅದನ್ನು ಎರಡು-ಮೂರು ಕಟಕಟ ಎಳೆದು ನಿಧಾನವಾಗಿ ಫಸ್ಟ್ ಗೇರಿನಲ್ಲಿ ಹೊರಡಿ. ತಿರುಗುವ ಚಕ್ರಕ್ಕೆ ತಡೆ ಬಿದ್ದಾಗ ಆಚೆ ಚಕ್ರಕ್ಕೂ ಬಲ ಹೋಗುತ್ತದೆ. ಕೆಲವು ಮೀಟರ್ ದಾಟಲು ಸಾಕು, ಆಮೇಲೆ ಬಿಡಿ. ಖಾಲಿ ಗಾಡಿಯಾದರೆ ಹಿಂದಿನ ಆ್ಯಕ್ಸಲ್ ಮೇಲೆ ಎರಡು ಮರಳಿನ ಚೀಲ ಇಟ್ಟು ಬಿಗಿಯಾಗಿ ಕಟ್ಟಿ. ಬ್ರೆಝಾ, ಕ್ರೆಟಾದಂಥ ಮುಂದಿನ ಚಕ್ರದ ಗಾಡಿಗಳಿಗೆ ಇವೆರಡೂ ಕೆಲಸ ಮಾಡುವುದಿಲ್ಲ. ಮುರಂ ಏರಿನಲ್ಲಿ ಅವು ಜಾರಿದರೆ ರಿವರ್ಸಿನಲ್ಲಿ ಹತ್ತಿಸಿ ನೋಡಿ, ಭಾರ ಡ್ರೈವ್ ಚಕ್ರದ ಮೇಲೆ ಬೀಳುತ್ತದೆ.

ಎತ್ತರ ಮತ್ತು ಕಾನೂನು

ಎಲ್ಲರಿಗೂ ಗಾಡಿ ಎತ್ತಿಸುವ ಹುಚ್ಚು. ಮೊದಲು ಸುಸ್ತಾದ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಬದಲಿಸಿ. ಕುಸಿದ ಗಾಡಿ ತನ್ನ ಮೂಲ ಎತ್ತರಕ್ಕೆ ಬಂದರೆ ಅರ್ಧ ಕೆಲಸ ಮುಗಿಯಿತು. ಅದಕ್ಕಿಂತ ಮೇಲೆ ಎತ್ತಿದರೆ ಇಂಜಿನ್ ಕಡೆಯಿಂದ ಹಿಂದಿನ ಚಕ್ರದ ಕಡೆಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ, ಬ್ರೇಕ್ ಪೈಪು ಎಳೆದುಕೊಳ್ಳುತ್ತದೆ, ತಿರುವಿನಲ್ಲಿ ಗಾಡಿ ವಾಲುತ್ತದೆ.

ಕಾನೂನೂ ಅಡ್ಡ ಬರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ಮುಂದೆ ಹಾಕುವ ಕಬ್ಬಿಣದ ಬುಲ್ ಬಾರ್ ಬೇಡ ಅಂತ 2017ರಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿದೆ. ಗಾಡಿ ಕೆಎ-32 ಇರಲಿ, ಕೆಎ-33 ಇರಲಿ, ಕೆಎ-38 ಇರಲಿ, ದೊಡ್ಡ ಬದಲಾವಣೆಗೆ ಮೊದಲು ಆರ್‌ಟಿಒ ಮತ್ತು ವಿಮೆ ಕಂಪನಿಯನ್ನು ಕೇಳಿ. ಚಿಂಚೋಳಿ ವನ್ಯಜೀವಿ ಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಗಾಡಿ ಇಳಿಸಬೇಡಿ.

ಡಿಕ್ಕಿಯಲ್ಲಿ ಇರಬೇಕಾದದ್ದು

ಸಲಿಕೆ, ಗಟ್ಟಿ ಹಗ್ಗ, ಜಾಕು, ಜಾಕಿನ ಕೆಳಗೆ ಇಡಲು ಒಂದು ಅಡಿ ಅಗಲದ ದಪ್ಪ ಮರದ ಹಲಗೆ, ಟ್ಯೂಬ್‌ಲೆಸ್ ಪಂಕ್ಚರ್ ಕಿಟ್, ನಾಲ್ಕು ಗೋಣಿಚೀಲ. ಹಲಗೆ ಬದಲು ಫರಸಿ ತುಂಡು ಇಟ್ಟರೆ ಒಡೆಯುತ್ತದೆ. ಹಗ್ಗ ಕಟ್ಟುವುದು ಗಾಡಿಯ ಎಳೆಯುವ ಹುಕ್ಕಿಗೆ, ಬಂಪರಿಗೆ ಅಲ್ಲ. ಎಳೆಯುವಾಗ ಹಗ್ಗದ ಹತ್ತಿರ ಯಾರೂ ನಿಲ್ಲಬಾರದು.

ಹೂತ ಚಕ್ರದ ಮುಂದಿನ ಮಣ್ಣು ತೆಗೆದು ಗೋಣಿಚೀಲ ಹಾಸಿ. ಪಕ್ಕದಲ್ಲಿ ತೊಗರಿ ಕಟ್ಟಿಗೆ ರಾಶಿ ಇದ್ದರೆ ಹೊಲದವರನ್ನು ಕೇಳಿ ಒಂದು ಹೊರೆ ಹಾಕಿ, ಅದಕ್ಕಿಂತ ಒಳ್ಳೇ ಹಿಡಿತ ಇಲ್ಲ. ಆದರೆ ತೊಗರಿ ಕೊಯ್ದ ಹೊಲದೊಳಗೆ ಮಾತ್ರ ಗಾಡಿ ಇಳಿಸಬೇಡಿ. ಓರೆಯಾಗಿ ಕೊಯ್ದ ಒಣ ಕೂಳೆ ಟ್ರ್ಯಾಕ್ಟರ್ ಟೈರನ್ನೇ ಚುಚ್ಚುತ್ತದೆ.

ಹಳ್ಳ ದಾಟುವಾಗ, ದಾಟಿದ ಮೇಲೆ

ಹರಿಯುವ ಹಳ್ಳಕ್ಕೆ ಗಾಡಿ ಹಾಕಬೇಡಿ. ಎರಡು ಅಡಿ ನೀರು ದೊಡ್ಡ ಗಾಡಿಯನ್ನೂ ಎಳೆದೊಯ್ಯುತ್ತದೆ. ನಿಂತ ನೀರಾದರೆ ಕೋಲು ಹಿಡಿದು ನಡೆದು ನೋಡಿ. ಚಕ್ರದ ನಡುಮಟ್ಟಕ್ಕಿಂತ ಜಾಸ್ತಿ ಇದ್ದರೆ ವಾಪಸ್ ತಿರುಗಿ. ಇಂಜಿನ್ ನೀರು ಎಳೆದುಕೊಂಡರೆ ಕನೆಕ್ಟಿಂಗ್ ರಾಡು ಬಾಗುತ್ತದೆ. ನೀರಿನಲ್ಲಿ ಬಂದ್ ಬಿದ್ದರೆ ಮತ್ತೆ ಸ್ಟಾರ್ಟ್ ಮಾಡಬೇಡಿ.

ಮನೆಗೆ ಬಂದ ದಿನವೇ ರಿಮ್ಮಿನ ಒಳಗಿನ ಎರಿ ಮಣ್ಣು ತೊಳೆಸಿ. ಒಣಗಿದರೆ ಅದು ಕಲ್ಲಾಗುತ್ತದೆ, ಚಕ್ರದ ಬ್ಯಾಲೆನ್ಸ್ ತಪ್ಪಿ ಸ್ಟೀರಿಂಗ್ ನಡುಗುತ್ತದೆ. ನೀರಿಗೆ ಇಳಿದಿದ್ದರೆ ಡಿಫರೆನ್ಷಿಯಲ್ ಆಯಿಲ್ ಬಿಚ್ಚಿಸಿ ನೋಡಿ. ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಒಳಗೆ ನೀರು ಹೋಗಿದೆ. ಅದನ್ನು ಬದಲಿಸಿ, ಜೊತೆಗೆ ಡಿಫರೆನ್ಷಿಯಲ್ ಉಸಿರಾಡುವ ಪುಟ್ಟ ಪೈಪನ್ನು ರಬ್ಬರ್ ನಳಿಗೆ ಜೋಡಿಸಿ ಮೇಲಕ್ಕೆ ಕಟ್ಟಿಸಿ.